ಕೀಲಿ ಕೈಕೊಟ್ಟರೆ ಕಂಗಾಲಾಗಬೇಡಿ

"ಕಾಕಾ, ಉಮ್ಮ ಕರೀತಾ ಇದ್ದಾರೆ. ಲ್ಯಾಪ್‌ಟಾಪ್ ಹಾಳಾಗಿದೆಯಂತೆ."

ಕಳೆದ ಮಳೆಗಾಲದ ಒಂದು ಸಂಜೆ ಪಕ್ಕದ ಮನೆಯ ಹುಡುಗ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತಿದ್ದ. ಆ ಮನೆಯ ಸಹೋದರಿ ಮನೆಯಲ್ಲೇ ಕುಳಿತು ಕನ್ನಡ ಟೈಪಿಂಗ್ ಮಾಡುತ್ತಾರೆ. ಶಾಲೆಗಳ ಪ್ರಶ್ನೆಪತ್ರಿಕೆ, ಮದುವೆಯ ಆಮಂತ್ರಣ ಪತ್ರ, ಸಂಘ ಸಂಸ್ಥೆಗಳ ವರದಿ ಹೀಗೆ ಏನು ಬಂದರೂ ಇಲ್ಲವೆನ್ನುವುದಿಲ್ಲ. ಪತಿ ಗಲ್ಫ್‌ನಲ್ಲಿ ಕೆಲಸ ಕಳೆದುಕೊಂಡು ಊರಿಗೆ ಮರಳಿದ ಬಳಿಕ ಪುಟಕ್ಕಿಷ್ಟು ಎಂದು ಬರುವ ಆ ಹಣದಲ್ಲೇ ಮನೆಯ ಒಲೆ ಉರಿಯುತ್ತಿದೆ.

ನಾನು ಹೋದಾಗ ಅವರ ಮುಖ ಬಾಡಿತ್ತು. ಪರದೆಯ ಮೇಲೆ ಅರ್ಧ ಟೈಪ್ ಮಾಡಿದ ಪುಟವೊಂದಿತ್ತು. ಶಾಲೆಯೊಂದರ ಸ್ಮರಣ ಸಂಚಿಕೆ. ಶನಿವಾರದೊಳಗೆ ಮುದ್ರಣಾಲಯಕ್ಕೆ ತಲುಪಬೇಕು. ಆದರೆ ಪುಟದಲ್ಲಿದ್ದ ಕನ್ನಡ ವಿಚಿತ್ರವಾಗಿತ್ತು. "ಪುಸ್ತಕ" ಇರಬೇಕಾದಲ್ಲಿ "ಪುಸತಕ", "ಕನ್ನಡ" ಇರಬೇಕಾದಲ್ಲಿ "ಕನನಡ", "ಅಮ್ಮ" ಇರಬೇಕಾದಲ್ಲಿ "ಅಮಮ". ಒಂದೇ ಒಂದು ಒತ್ತಕ್ಷರವೂ ಮೂಡುತ್ತಿರಲಿಲ್ಲ.

ಕಾರಣ ಸಣ್ಣದು. ಅವರು ಬಳಸುವ ನುಡಿ ತಂತ್ರಾಂಶದ ಕೀಲಿಮಣೆಯಲ್ಲಿ ಒತ್ತಕ್ಷರ ಮೂಡಿಸಲು ಎರಡು ವ್ಯಂಜನಗಳ ನಡುವೆ ಇಂಗ್ಲಿಷಿನ ಎಫ್ ಕೀಲಿ ಒತ್ತಬೇಕು. ನಮ್ಮ ಕರಾವಳಿಯ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವಿದು. ಇಂಗ್ಲಿಷಿನ 26 ಕೀಲಿಗಳಲ್ಲೇ ಇಡೀ ಕನ್ನಡವನ್ನು ಅಡಗಿಸಿಟ್ಟ ಜಾಣ್ಮೆ ಅದರದು. ಆದರೆ ಆ 26ರಲ್ಲಿ ಎಫ್ ಒಂದು ಮುಷ್ಕರ ಹೂಡಿದರೆ ಕನ್ನಡದ ಒತ್ತಕ್ಷರಗಳೆಲ್ಲ ಒಟ್ಟಿಗೇ ಮಾಯ!

ಮಗ ನುಡಿಯೇ ಹಾಳಾಗಿದೆ ಎಂದು ಭಾವಿಸಿ ಅದನ್ನು ಎರಡು ಬಾರಿ ತೆಗೆದು ಮತ್ತೆ ಹಾಕಿದ್ದ. ಪೇಟೆಯ ಅಂಗಡಿಯೊಂದರಲ್ಲಿ ಫೋನಿನಲ್ಲೇ ವಿಚಾರಿಸಿದಾಗ "ಕೀಬೋರ್ಡ್ ಮಾತ್ರ ಸಿಗುವುದಿಲ್ಲ, ಮೇಲಿನ ಕವಚದ ಸಮೇತ ಬದಲಿಸಬೇಕು, ಒಂದು ವಾರ ಬೇಕು" ಎಂಬ ಉತ್ತರ ಬಂದಿತ್ತು. ಮಗಳ ಕಾಲೇಜು ಶುಲ್ಕಕ್ಕೆಂದು ತೆಗೆದಿಟ್ಟ ಹಣವನ್ನು ಇದಕ್ಕೆ ಸುರಿಯಬೇಕೇ ಎಂಬ ಚಿಂತೆಯಲ್ಲಿ ಅವರಿದ್ದರು.

ಪ್ರಿಯ ಓದುಗರೇ, ಇಂದು ಲ್ಯಾಪ್‌ಟಾಪ್ ಇಲ್ಲದ ಮನೆಗಳು ಕಡಿಮೆ. ಮಕ್ಕಳ ಓದು, ವಿದ್ಯಾರ್ಥಿವೇತನದ ಅರ್ಜಿ, ದೂರದೂರಿನಲ್ಲಿರುವವರ ಜೊತೆ ಮಾತುಕತೆ ಎಲ್ಲಕ್ಕೂ ಅದೇ ಬೇಕು. ಅದರ ಕೀಲಿಯೊಂದು ಕೈಕೊಟ್ಟಾಗ ನಾವು ಸಾಮಾನ್ಯವಾಗಿ ಎರಡು ತಪ್ಪುಗಳಲ್ಲಿ ಒಂದನ್ನು ಮಾಡುತ್ತೇವೆ. ಒಂದೋ ಗಾಬರಿಯಿಂದ ಎಲ್ಲವನ್ನೂ ಒತ್ತಿ, ಎಳೆದು ಇದ್ದದ್ದನ್ನೂ ಕೆಡಿಸುತ್ತೇವೆ. ಇಲ್ಲವೇ ಏನನ್ನೂ ನೋಡದೆ ನೇರವಾಗಿ ಅಂಗಡಿಗೆ ಒಯ್ದು ಹೇಳಿದಷ್ಟು ಹಣ ತೆರುತ್ತೇವೆ. ಈ ಎರಡರ ನಡುವೆ ಒಂದು ದಾರಿಯಿದೆ. ಖರ್ಚಿಲ್ಲದ, ಅಪಾಯವಿಲ್ಲದ ಪರೀಕ್ಷೆಗಳನ್ನು ಮೊದಲು ಮಾಡುವುದು, ಖರ್ಚಿನದ್ದನ್ನು ಕೊನೆಗೆ ಇಟ್ಟುಕೊಳ್ಳುವುದು.

ನಾನು ಕಲಿತ ಪಾಠ

ಈ ಮಾತನ್ನು ಹೇಳಲು ನನಗೊಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ನನ್ನ ಲ್ಯಾಪ್‌ಟಾಪಿನ ಮೇಲೆ ಅರ್ಧ ಲೋಟ ಚಹಾ ಚೆಲ್ಲಿತು. ಬಟ್ಟೆಯಿಂದ ಒರೆಸಿದೆ. ಪರದೆ ಆರಿ ಹೋಗಿತ್ತು. ಹತ್ತು ನಿಮಿಷ ಕಳೆದಿರಲಿಲ್ಲ, "ಸರಿಯಾಯಿತೋ ಏನೋ ನೋಡೋಣ" ಎಂದು ಪವರ್ ಬಟನ್ ಒತ್ತಿದೆ. ಒಂದು ಕ್ಷಣ ಬೆಳಕು ಬಂತು. ಮತ್ತೆಂದೂ ಬರಲಿಲ್ಲ.

ಅದರಲ್ಲಿ ನನ್ನ ತಾಯಿಯ ಧ್ವನಿಯಿತ್ತು. ತಮ್ಮ ಬಾಲ್ಯದ ಬಗ್ಗೆ, ಅಜ್ಜಿಯ ಮನೆಯ ಬಗ್ಗೆ ಅವರು ಹೇಳಿದ್ದನ್ನು ಮುದ್ರಿಸಿಟ್ಟುಕೊಂಡಿದ್ದೆ. ಅಗ್ಗದ ಲ್ಯಾಪ್‌ಟಾಪ್ ಅದು. ಮಾಹಿತಿ ಸಂಗ್ರಹಿಸುವ ಚಿಪ್ಪನ್ನು ಮದರ್‌ಬೋರ್ಡಿಗೇ ಬೆಸೆದಿದ್ದರು. ಹಾಗಾಗಿ ಕಳಚಿ ಬೇರೆಡೆ ಜೋಡಿಸಿ ನೋಡುವಂತೆಯೂ ಇರಲಿಲ್ಲ. ಆ ಹೊತ್ತಿಗೆ ತಾಯಿ ತೀರಿಕೊಂಡಿದ್ದರು. ಚಹಾ ಚೆಲ್ಲಿದ್ದು ಆಕಸ್ಮಿಕ. ಬಟನ್ ಒತ್ತಿದ್ದು ನನ್ನ ಆತುರ. ಅಂದಿನಿಂದ ಯಾವ ಯಂತ್ರ ಕೆಟ್ಟರೂ ಮೊದಲು ಕೈ ಹಿಂದೆ ಕಟ್ಟಿಕೊಂಡು ಎರಡು ನಿಮಿಷ ಯೋಚಿಸುತ್ತೇನೆ.

ಕೀಲಿಯ ಕೆಳಗೇನಿದೆ?

ಯಾವುದನ್ನು ಸರಿಪಡಿಸಬೇಕಿದ್ದರೂ ಅದು ಕೆಲಸ ಮಾಡುವ ಬಗೆ ತಿಳಿದಿರಬೇಕು. ನೀವು ಬೆರಳಿಡುವ ಪ್ಲಾಸ್ಟಿಕ್ ತುಂಡು ಕೀಲಿಯ ಟೋಪಿ ಮಾತ್ರ. ಅದರ ಕೆಳಗೆ ಕತ್ತರಿಯಂತೆ ಅಡ್ಡಡ್ಡ ಜೋಡಿಸಿದ ಎರಡು ತೆಳು ಪ್ಲಾಸ್ಟಿಕ್ ಕೊಂಡಿಗಳಿವೆ. ಅವುಗಳ ನಡುವೆ ರಬ್ಬರಿನ ಪುಟ್ಟ ಗುಮ್ಮಟ. ಗುಮ್ಮಟದ ಕೆಳಗೆ ಇಡೀ ಕೀಬೋರ್ಡಿಗೆ ಹಾಸಿದ ಮೂರು ಪದರಗಳ ತೆಳುವಾದ ಪ್ಲಾಸ್ಟಿಕ್ ಹಾಳೆ. ಮೇಲಿನ ಮತ್ತು ಕೆಳಗಿನ ಪದರಗಳಲ್ಲಿ ವಿದ್ಯುತ್ ಹರಿಯುವ ಗೆರೆಗಳಿವೆ. ನಡುವಿನ ಪದರ ಅವೆರಡನ್ನು ದೂರವಿಡುತ್ತದೆ. ಆದರೆ ಪ್ರತಿ ಕೀಲಿಯ ಕೆಳಗೂ ಅದರಲ್ಲೊಂದು ತೂತು ಇರುತ್ತದೆ. ನೀವು ಒತ್ತಿದಾಗ ಗುಮ್ಮಟ ಕುಸಿದು ಆ ತೂತಿನ ಮೂಲಕ ಎರಡೂ ಗೆರೆಗಳು ಮುಟ್ಟುತ್ತವೆ. ಬಿಟ್ಟಾಗ ಗುಮ್ಮಟ ಕೀಲಿಯನ್ನು ಮೇಲೆತ್ತುತ್ತದೆ.

ಪ್ರತಿಯೊಂದು ಕೀಲಿಗೂ ಪ್ರತ್ಯೇಕ ತಂತಿ ಇರುವುದಿಲ್ಲ. ಪಟ್ಟಣದ ಅಡ್ಡರಸ್ತೆ ಮತ್ತು ಮುಖ್ಯರಸ್ತೆಗಳಂತೆ ಗೆರೆಗಳು ಅಡ್ಡ ಮತ್ತು ಉದ್ದಕ್ಕೆ ಸಾಗುತ್ತವೆ. ಒಂದೊಂದು ಕೀಲಿಯೂ ಒಂದೊಂದು ಕೂಡುರಸ್ತೆ. ಎಲ್ಲ ಗೆರೆಗಳೂ ಕೊನೆಗೆ ಚಪ್ಪಟೆಯಾದ ರಿಬ್ಬನ್ ಕೇಬಲ್‌ನ ಮೂಲಕ ಮದರ್‌ಬೋರ್ಡಿಗೆ ಸೇರುತ್ತವೆ.

ಇಷ್ಟು ತಿಳಿದರೆ ಅರ್ಧ ರೋಗ ಪತ್ತೆಯಾದಂತೆ. ಒಂದೇ ಕೀಲಿ ಕೆಲಸ ಮಾಡದಿದ್ದರೆ ಹೆಚ್ಚಾಗಿ ತೊಂದರೆ ಆ ಕೂಡುರಸ್ತೆಯಲ್ಲಿದೆ. ಕಸ, ಸವೆದ ಗುಮ್ಮಟ ಅಥವಾ ಮುರಿದ ಕೊಂಡಿ ಕಾರಣವಾಗಿರಬಹುದು. ಹಲವು ಕೀಲಿಗಳು ಒಟ್ಟಿಗೇ ಸತ್ತಿದ್ದರೆ ಒಂದು ರಸ್ತೆಯೇ ಕಡಿದಿರಬಹುದು. ಅಂದರೆ ಗೆರೆ ತುಂಡಾಗಿರಬಹುದು ಅಥವಾ ರಿಬ್ಬನ್ ಕೇಬಲ್ ಸಡಿಲಗೊಂಡಿರಬಹುದು. ಎಲ್ಲ ಕೀಲಿಗಳೂ ಸತ್ತಿದ್ದರೆ ಕೇಬಲ್, ತಂತ್ರಾಂಶ ಅಥವಾ ಮದರ್‌ಬೋರ್ಡನ್ನು ಸಂದೇಹಿಸಬೇಕು.

ಕಾಯಿಲೆಯಲ್ಲ, ಬರೇ ಗುಂಡಿಯ ಆಟ

ಕೀಬೋರ್ಡ್ ಕೆಟ್ಟಿದೆ ಎಂಬ ದೂರುಗಳಲ್ಲಿ ಕೆಲವು ನಿಜಕ್ಕೂ ಕೆಟ್ಟದ್ದೇ ಆಗಿರುವುದಿಲ್ಲ. ಗೊತ್ತಿಲ್ಲದೆ ಯಾವುದೋ ಗುಂಡಿ ಒತ್ತಿ ಹೋಗಿರುತ್ತದೆ. ಮಕ್ಕಳಿರುವ ಮನೆಯಲ್ಲಂತೂ ಇದು ಮಾಮೂಲು. ಮೊದಲು ಇವನ್ನು ಗಮನಿಸಿ.

ಅಕ್ಷರದ ಬದಲು ಅಂಕೆಗಳು ಬೀಳುತ್ತಿವೆಯೇ? ಬಲಬದಿಯಲ್ಲಿ ಪ್ರತ್ಯೇಕ ಅಂಕೆಗಳ ಕೀಲಿಗಳಿಲ್ಲದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ನಮ್‌ಲಾಕ್ ಚಾಲೂ ಆದರೆ ಹೀಗಾಗುತ್ತದೆ. ಇಂಗ್ಲಿಷಿನಲ್ಲಿ ಕಮಾಲ್ ಎಂದು ಬರೆಯಹೊರಟರೆ ಕೆ ಬದಲು 2, ಎಂ ಬದಲು 0, ಎಲ್ ಬದಲು 3 ಬೀಳುತ್ತದೆ. ಎಫ್‌ಎನ್ ಕೀಲಿಯೊಂದಿಗೆ ನಮ್‌ಲಾಕ್ ಒತ್ತಿದರೆ ಮುಗಿಯಿತು.

ಎರಡರ ಮೇಲಿರುವ ಚಿಹ್ನೆ ಒತ್ತಿದರೆ ಇಮೇಲ್ ವಿಳಾಸದ ಅಟ್ ಚಿಹ್ನೆಯ ಬದಲು ಉದ್ಧರಣ ಚಿಹ್ನೆ ಬರುತ್ತಿದೆಯೇ? ಕೀಬೋರ್ಡಿನ ವಿನ್ಯಾಸ ಅಮೆರಿಕದ ಇಂಗ್ಲಿಷಿನಿಂದ ಬ್ರಿಟನ್ನಿನ ಇಂಗ್ಲಿಷಿಗೆ ಬದಲಾಗಿದೆ ಎಂದರ್ಥ. ಇಂಗ್ಲಿಷ್ ಒತ್ತಿದರೆ ಬೇರೊಂದು ಭಾಷೆ ಬರುವುದಕ್ಕೂ ಇಂಥದೇ ಕಾರಣ. ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಬಾರ್ ಒತ್ತಿದರೆ ಭಾಷೆಗಳ ಪಟ್ಟಿ ಕಾಣುತ್ತದೆ. ಬೇಕಾದ್ದನ್ನು ಆರಿಸಿಕೊಳ್ಳಿ.

ಕೀಲಿಯನ್ನು ತುಸು ಹೊತ್ತು ಒತ್ತಿ ಹಿಡಿದರೆ ಮಾತ್ರ ಅಕ್ಷರ ಮೂಡುತ್ತಿದೆಯೇ? ಬಲಗಡೆಯ ಶಿಫ್ಟ್ ಕೀಲಿಯನ್ನು ಎಂಟು ಸೆಕೆಂಡು ಒತ್ತಿ ಹಿಡಿದರೆ ಫಿಲ್ಟರ್ ಕೀಸ್ ಎಂಬ ಸೌಲಭ್ಯ ಎಚ್ಚೆತ್ತುಕೊಳ್ಳುತ್ತದೆ. ಶಿಫ್ಟ್ ಅನ್ನು ಐದು ಬಾರಿ ಬೆನ್ನುಬೆನ್ನಿಗೆ ಒತ್ತಿದರೆ ಸ್ಟಿಕ್ಕಿ ಕೀಸ್. ಕೈ ನಡುಗುವವರಿಗೆ, ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಲಾಗದವರಿಗೆ ನೆರವಾಗಲೆಂದು ಇವುಗಳನ್ನು ಮಾಡಿದ್ದಾರೆ. ನಮಗೆ ಬೇಡವಾದರೆ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ಆರಿಸಬಹುದು.

ಇದಾವುದೂ ಅಲ್ಲವಾದರೆ ಲ್ಯಾಪ್‌ಟಾಪನ್ನು ಒಮ್ಮೆ ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಿ. ಇದು ತಮಾಷೆಯ ಸಲಹೆಯಲ್ಲ. ತಂತ್ರಾಂಶದ ಎಷ್ಟೋ ತಾತ್ಕಾಲಿಕ ತೊಡಕುಗಳು ಇದರಿಂದಲೇ ಬಿಡಿಸಿಕೊಳ್ಳುತ್ತವೆ.

ತಪ್ಪು ಯಾರದು?

ಈಗ ಮುಖ್ಯ ಪ್ರಶ್ನೆ. ದೋಷ ತಂತ್ರಾಂಶದಲ್ಲಿದೆಯೇ, ಕೀಬೋರ್ಡಿನಲ್ಲಿದೆಯೇ? ಇದನ್ನು ತಿಳಿಯಲು ಸುಲಭ ಉಪಾಯವಿದೆ. ಯುಎಸ್‌ಬಿ ಕೀಬೋರ್ಡ್ ಒಂದನ್ನು ಯಾರಿಂದಾದರೂ ಎರವಲು ತಂದು ಲ್ಯಾಪ್‌ಟಾಪಿಗೆ ಸಿಕ್ಕಿಸಿ. ಅದರಲ್ಲಿ ಎಲ್ಲ ಅಕ್ಷರಗಳೂ ಸರಿಯಾಗಿ ಮೂಡಿದರೆ ದೋಷ ಲ್ಯಾಪ್‌ಟಾಪಿನ ಕೀಬೋರ್ಡಿನದ್ದೇ. ಅದರಲ್ಲೂ ಅದೇ ಅಕ್ಷರ ಮೂಡದಿದ್ದರೆ ತಪ್ಪು ತಂತ್ರಾಂಶದ್ದು.

ನೆರೆಮನೆಯ ಸಹೋದರಿಯ ಲ್ಯಾಪ್‌ಟಾಪಿಗೆ ನಾನು ಮೊದಲು ಮಾಡಿದ್ದು ಇದನ್ನೇ. ನನ್ನ ಹಳೆಯ ಕೀಬೋರ್ಡನ್ನು ಸಿಕ್ಕಿಸಿ ಎಫ್ ಒತ್ತಿದೆವು. "ಪುಸ್ತಕ" ಸರಿಯಾಗಿಯೇ ಬಂತು. ಹುಡುಗ ಪೆಚ್ಚಾಗಿ ನಕ್ಕ. ಪಾಪ, ನುಡಿಯ ಮೇಲೆ ಸುಮ್ಮನೇ ಆರೋಪ ಹೊರಿಸಿದ್ದ! ಅದಕ್ಕಿಂತ ಮುಖ್ಯವಾಗಿ ಅವರ ತಾಯಿಯ ಮುಖದಲ್ಲಿ ಗೆಲುವು ಬಂತು. ಶನಿವಾರದ ಕೆಲಸ ಇನ್ನು ನಿಲ್ಲುವುದಿಲ್ಲ. ಲ್ಯಾಪ್‌ಟಾಪ್ ಸರಿಯಾಗುವುದು ತಡವಾದರೂ ಹೊರಗಿನ ಕೀಬೋರ್ಡಿನಲ್ಲಿ ಟೈಪ್ ಮಾಡಬಹುದು. ಕೆಲವು ನೂರು ರೂಪಾಯಿಗೆ ಸಿಗುವ ಈ ವಸ್ತು ಮನೆಯಲ್ಲೊಂದು ಇದ್ದರೆ ಎಷ್ಟೋ ಸಂಕಟ ತಪ್ಪುತ್ತದೆ.

ರಾತ್ರಿ ಹೊತ್ತು ಯಾರೂ ಸಿಗದಿದ್ದರೆ ಪರದೆಯ ಮೇಲೆಯೇ ಕೀಬೋರ್ಡ್ ತರಿಸಬಹುದು. ವಿಂಡೋಸ್ 10 ಮತ್ತು 11ರಲ್ಲಿ ವಿಂಡೋಸ್, ಕಂಟ್ರೋಲ್ ಮತ್ತು ಒ ಕೀಲಿಗಳನ್ನು ಒಟ್ಟಿಗೆ ಒತ್ತಿ. ಪಾಸ್‌ವರ್ಡ್ ಕೇಳುವ ಪುಟದಲ್ಲಿಯೂ ಕೆಳಗಿನ ಮೂಲೆಯ ಆಕ್ಸೆಸಿಬಿಲಿಟಿ ಚಿಹ್ನೆ ಒತ್ತಿದರೆ ಇದು ಸಿಗುತ್ತದೆ. ಪಾಸ್‌ವರ್ಡಿನ ಅಕ್ಷರವೇ ಕೈಕೊಟ್ಟಾಗ ಇದೊಂದು ವರದಾನ. ಇದರಿಂದ ಇನ್ನೊಂದು ಉಪಯೋಗವೂ ಇದೆ. ನೀವು ನಿಜವಾದ ಕೀಲಿಯನ್ನು ಒತ್ತಿದಾಗ ಪರದೆಯ ಮೇಲಿನ ಅದೇ ಕೀಲಿ ಮಿನುಗುತ್ತದೆ. ಒಂದೊಂದಾಗಿ ಒತ್ತುತ್ತಾ ಹೋಗಿ, ಮಿನುಗದವುಗಳನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಅಂಗಡಿಗೆ ಹೋಗಬೇಕಾಗಿ ಬಂದರೆ ಆ ಪಟ್ಟಿಯೇ ನಿಮ್ಮ ಸಾಕ್ಷಿ.

ದೋಷ ತಂತ್ರಾಂಶದ್ದು ಎಂದಾದರೆ ಡಿವೈಸ್ ಮ್ಯಾನೇಜರ್ ತೆರೆದು ಕೀಬೋರ್ಡ್ಸ್ ಎಂಬಲ್ಲಿರುವ ಕೀಬೋರ್ಡನ್ನು ಅನ್‌ಇನ್‌ಸ್ಟಾಲ್ ಮಾಡಿ, ಲ್ಯಾಪ್‌ಟಾಪನ್ನು ರೀಸ್ಟಾರ್ಟ್ ಮಾಡಿ. ವಿಂಡೋಸ್ ತಾನಾಗಿಯೇ ಅದನ್ನು ಹೊಸದಾಗಿ ಜೋಡಿಸಿಕೊಳ್ಳುತ್ತದೆ.

ಧೂಳು, ಚೂರು, ಇರುವೆ

ದೋಷ ಕೀಬೋರ್ಡಿನದ್ದು, ಅದೂ ಒಂದೆರಡು ಕೀಲಿಗಳದ್ದು ಎಂದಾದರೆ ಕಸವನ್ನೇ ಮೊದಲು ಸಂದೇಹಿಸಿ. ಲ್ಯಾಪ್‌ಟಾಪಿನ ಮುಂದೆ ಕುಳಿತು ತಿಂಡಿ ತಿನ್ನುವ ಅಭ್ಯಾಸ ನಮ್ಮಲ್ಲಿ ಯಾರಿಗಿಲ್ಲ ಹೇಳಿ! ಬಿಸ್ಕತ್ತಿನ ಚೂರು ಕೆಳಗಿಳಿದರೆ ಹಿಂದೆಯೇ ಇರುವೆಯೂ ಇಳಿಯುತ್ತದೆ.

ಕಸ ಬಡವರ ಲ್ಯಾಪ್‌ಟಾಪನ್ನು ಮಾತ್ರ ಕಾಡುತ್ತದೆ ಎಂದು ತಿಳಿಯಬೇಡಿ. ಆಪಲ್ ಕಂಪೆನಿ 2015ರಲ್ಲಿ ಚಿಟ್ಟೆಯ ರೆಕ್ಕೆಯಂಥ ಕೊಂಡಿಯಿರುವ ಬಹಳ ತೆಳುವಾದ ಕೀಬೋರ್ಡನ್ನು ತನ್ನ ಮ್ಯಾಕ್‌ಬುಕ್‌ನಲ್ಲಿ ತಂದಿತು. ಕೀಲಿಗಳು ಸಿಕ್ಕಿಕೊಳ್ಳುತ್ತವೆ, ಒಮ್ಮೆ ಒತ್ತಿದರೆ ಎರಡು ಬಾರಿ ಮೂಡುತ್ತವೆ ಎಂಬ ದೂರುಗಳು ಹೆಚ್ಚಿದವು. 2018ರಲ್ಲಿ ಕಂಪೆನಿ ಉಚಿತ ದುರಸ್ತಿ ಯೋಜನೆ ಪ್ರಕಟಿಸಿತು. 2019ರಲ್ಲಿ ಮತ್ತೆ ಹಳೆಯ ಕತ್ತರಿ ಕೊಂಡಿಗೇ ಮರಳತೊಡಗಿತು. ಅಮೆರಿಕದಲ್ಲಿ ಗ್ರಾಹಕರು ಹೂಡಿದ ಮೊಕದ್ದಮೆಯನ್ನು ಇತ್ಯರ್ಥಪಡಿಸಲು 2022ರಲ್ಲಿ 5 ಕೋಟಿ ಡಾಲರ್ ನೀಡಲು ಒಪ್ಪಿತು. ಧೂಳಿನ ಕಣಕ್ಕೆ ಸಣ್ಣವರು ದೊಡ್ಡವರು ಎಂಬ ಭೇದವಿಲ್ಲ.

ಸ್ವಚ್ಛಗೊಳಿಸುವ ಮುನ್ನ ಲ್ಯಾಪ್‌ಟಾಪನ್ನು ಆಫ್ ಮಾಡಿ, ಚಾರ್ಜರ್ ಕಳಚಿ. ಲ್ಯಾಪ್‌ಟಾಪನ್ನು ಬಹುತೇಕ ನೆಟ್ಟಗೆ ಓರೆಯಾಗಿ ಹಿಡಿದು ಹಿಂಬದಿಯನ್ನು ಅಂಗೈಯಿಂದ ಮೆಲ್ಲಗೆ ತಟ್ಟಿ. ಮೃದುವಾದ, ಒಣ ಬಣ್ಣದ ಕುಂಚದಿಂದ ಕೀಲಿಗಳ ಸಂದುಗಳನ್ನು ಗುಡಿಸಿ. ಕಂಪ್ಯೂಟರ್ ಅಂಗಡಿಯಲ್ಲಿ ಸಿಗುವ ಗಾಳಿಯ ಡಬ್ಬಿಯಿದ್ದರೆ ಎಡದಿಂದ ಬಲಕ್ಕೆ ಚಿಕ್ಕ ಚಿಕ್ಕದಾಗಿ ಊದಿಸಿ. ಬಾಯಿಯಿಂದ ಊದಬೇಡಿ, ಎಂಜಲಿನ ಹನಿ ಒಳಸೇರುತ್ತದೆ.

ಇದರಿಂದಲೂ ಆಗದಿದ್ದರೆ ಕೀಲಿಯ ಟೋಪಿಯನ್ನು ಎತ್ತಬಹುದು. ಆದರೆ ಇಲ್ಲಿ ಎಚ್ಚರ ಬೇಕು. ವಾರಂಟಿ ಇನ್ನೂ ಬಾಕಿಯಿದ್ದರೆ ಎತ್ತಲೇಬೇಡಿ, ಸರ್ವಿಸ್ ಸೆಂಟರಿಗೆ ಒಯ್ಯಿರಿ. ವಾರಂಟಿ ಮುಗಿದಿದ್ದರೆ ಮೊದಲು ಮೊಬೈಲಿನಲ್ಲಿ ಕೀಬೋರ್ಡಿನ ಚಿತ್ರ ತೆಗೆದಿಡಿ. ಉಗುರು ಅಥವಾ ತೆಳ್ಳನೆಯ ಪ್ಲಾಸ್ಟಿಕ್ ಕಾರ್ಡನ್ನು ಕೀಲಿಯ ಒಂದು ಮೂಲೆಯಡಿ ಸರಿಸಿ ನಿಧಾನವಾಗಿ ಎತ್ತಿ. ಯಾವ ಬದಿಯಿಂದ ಸುಲಭವಾಗಿ ಬಿಡುತ್ತದೆ ಎಂಬುದು ಒಂದೊಂದು ಮಾದರಿಯಲ್ಲಿ ಒಂದೊಂದು ರೀತಿ. ಬಲವಂತ ಮಾಡಿದರೆ ಕತ್ತರಿ ಕೊಂಡಿಯ ಸೂಜಿಯಂಥ ತುದಿ ಮುರಿಯುತ್ತದೆ. ಸ್ಪೇಸ್ ಬಾರ್, ಎಂಟರ್, ಶಿಫ್ಟ್‌ಗಳಂಥ ಉದ್ದ ಕೀಲಿಗಳ ಕೆಳಗೆ ಲೋಹದ ಸರಿಗೆ ಇರುತ್ತದೆ. ಅನುಭವವಿಲ್ಲದವರು ಅವುಗಳ ತಂಟೆಗೆ ಹೋಗದಿರುವುದೇ ಒಳ್ಳೆಯದು.

ಜಿಗುಟು ಇದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹತ್ತಿ ಸುತ್ತಿದ ಕಡ್ಡಿಯನ್ನು ಅದ್ದಿ, ಹಿಂಡಿ, ಒರೆಸಿ. ಶೇಕಡಾ 90ಕ್ಕಿಂತ ಹೆಚ್ಚು ಸಾಂದ್ರತೆಯದ್ದು ಉತ್ತಮ. ಕಡಿಮೆಯದ್ದರಲ್ಲಿ ನೀರಿನ ಅಂಶ ಜಾಸ್ತಿ. ಅದು ಬೇಗ ಉರಿಯುವ ದ್ರವ. ಒಲೆಯ ಹತ್ತಿರ ಬೇಡ, ಕಿಟಕಿ ತೆರೆದಿರಲಿ. ಉಗುರಿನ ಬಣ್ಣ ತೆಗೆಯುವ ದ್ರವವನ್ನಂತೂ ಮುಟ್ಟಿಸಲೇಬೇಡಿ. ಅದರಲ್ಲಿರುವ ಅಸಿಟೋನ್ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ.

ನೀರು ಬಿದ್ದರೆ

ನಾನು ಎಡವಿದ ಜಾಗವಿದು. ದಯವಿಟ್ಟು ಗಮನವಿಟ್ಟು ಓದಿ.

ಕೀಬೋರ್ಡಿನ ಮೇಲೆ ನೀರು, ಚಹಾ, ಶರಬತ್ತು ಏನೇ ಬಿದ್ದರೂ ಮೊದಲು ಚಾರ್ಜರನ್ನು ಗೋಡೆಯ ಸ್ವಿಚ್ ಆರಿಸಿ ಕಳಚಿ. ಪವರ್ ಬಟನನ್ನು ಆಫ್ ಆಗುವವರೆಗೂ ಒತ್ತಿ ಹಿಡಿಯಿರಿ. ತೆರೆದ ಕಡತವನ್ನು ಸೇವ್ ಮಾಡುತ್ತಾ ಕೂರಬೇಡಿ. ಬ್ಯಾಟರಿ ಕಳಚುವಂತಿದ್ದರೆ ಕಳಚಿ. ಯುಎಸ್‌ಬಿಗೆ ಸಿಕ್ಕಿಸಿದ್ದೆಲ್ಲವನ್ನೂ ತೆಗೆಯಿರಿ. ಲ್ಯಾಪ್‌ಟಾಪನ್ನು ಪೂರ್ತಿ ತೆರೆದು, ಕೀಬೋರ್ಡ್ ಕೆಳಮುಖವಾಗುವಂತೆ ಡೇರೆಯ ಆಕಾರದಲ್ಲಿ ಬಟ್ಟೆಯ ಮೇಲೆ ನಿಲ್ಲಿಸಿ. ಬಿದ್ದ ದ್ರವ ಕೆಳಗಿನ ಮದರ್‌ಬೋರ್ಡಿಗೆ ಇಳಿಯುವ ಬದಲು ಹೊರಗೆ ಹರಿಯಲಿ.

ಆಮೇಲೆ ಮಾಡಬೇಕಾದದ್ದು ಅತ್ಯಂತ ಕಷ್ಟದ ಕೆಲಸ. ಏನನ್ನೂ ಮಾಡದಿರುವುದು! ಕನಿಷ್ಠ ಎರಡು ದಿನ ಫ್ಯಾನಿನ ಗಾಳಿಯಲ್ಲಿ ಹಾಗೆಯೇ ಬಿಡಿ. ಮಳೆಗಾಲದ ತೇವದಲ್ಲಿ ಇನ್ನೂ ಹೆಚ್ಚು ಹೊತ್ತು ಬೇಕು. ಕೆಡಿಸುವುದು ನೀರೊಂದೇ ಅಲ್ಲ. ನೀರಿನಲ್ಲಿ ಕರಗಿದ ಲವಣಗಳ ಮೂಲಕ ಹರಿಯಬಾರದ ಕಡೆ ವಿದ್ಯುತ್ ಹರಿಯುತ್ತದೆ, ಲೋಹ ತುಕ್ಕು ಹಿಡಿಯುತ್ತದೆ. ವಿದ್ಯುತ್ತನ್ನೇ ಕೊಡದಿದ್ದರೆ ಹಾನಿ ಬಹಳಷ್ಟು ತಗ್ಗುತ್ತದೆ. "ಒಮ್ಮೆ ಆನ್ ಮಾಡಿ ನೋಡೋಣ" ಎಂಬ ಆಸೆಯೇ ದೊಡ್ಡ ಶತ್ರು.

ಕೂದಲು ಒಣಗಿಸುವ ಬಿಸಿಗಾಳಿಯ ಯಂತ್ರ ಹಿಡಿಯಬೇಡಿ. ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ನೀರು ಇನ್ನಷ್ಟು ಒಳಗೆ ಸರಿಯಬಹುದು. ಅಕ್ಕಿಯ ಡಬ್ಬದಲ್ಲಿಡುವ ಮದ್ದೂ ಬೇಡ. ಅಕ್ಕಿಯ ಹುಡಿ ಒಳಸೇರಿ ಮತ್ತೊಂದು ತೊಂದರೆ ತರುತ್ತದೆ. ನೆನೆದ ಫೋನನ್ನು ಅಕ್ಕಿಯಲ್ಲಿ ಹೂಳಬೇಡಿ ಎಂದು ಆಪಲ್ ಕಂಪೆನಿಯೇ ತನ್ನ ಗ್ರಾಹಕರಿಗೆ ಹೇಳಿದೆ.

ಬಿದ್ದದ್ದು ಸಕ್ಕರೆ ಬೆರೆತ ಚಹಾ ಅಥವಾ ಸಮುದ್ರದ ನೀರಾದರೆ ಒಣಗಿದರೂ ಸಾಲದು. ಸಕ್ಕರೆಯ ಅಂಟು ಮತ್ತು ಉಪ್ಪು ಒಳಗೇ ಉಳಿಯುತ್ತವೆ. ಆನ್ ಮಾಡದೆಯೇ ತಂತ್ರಜ್ಞರ ಬಳಿಗೆ ಒಯ್ದು ಒಳಗೆ ಶುಚಿ ಮಾಡಿಸಿ.

ಕೈ ಹಾಕಬಾರದ ಸಂದರ್ಭ

ಕೀಬೋರ್ಡಿನ ನಡುಭಾಗ ಉಬ್ಬಿದಂತೆ ಕಾಣುತ್ತಿದೆಯೇ? ಬೆರಳಾಡಿಸುವ ಟಚ್‌ಪ್ಯಾಡ್ ಮೇಲೆದ್ದಿದೆಯೇ, ಒತ್ತಲು ಗಟ್ಟಿಯಾಗಿದೆಯೇ? ಲ್ಯಾಪ್‌ಟಾಪ್ ಮೇಜಿನ ಮೇಲೆ ಸಮವಾಗಿ ಕೂರದೆ ಅಲುಗಾಡುತ್ತಿದೆಯೇ? ಹಾಗಿದ್ದರೆ ಇದು ಕೀಲಿಯ ತೊಂದರೆಯಲ್ಲ. ಕೆಳಗಿನ ಲಿಥಿಯಂ ಬ್ಯಾಟರಿಯೇ ಊದಿಕೊಂಡಿರಬಹುದು. ಅದನ್ನು ಒತ್ತಿದರೆ, ಚುಚ್ಚಿದರೆ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ತಕ್ಷಣ ಆಫ್ ಮಾಡಿ, ಚಾರ್ಜ್ ಮಾಡುವುದನ್ನು ನಿಲ್ಲಿಸಿ, ಮಕ್ಕಳ ಕೈಗೆ ಸಿಗದಂತಿಟ್ಟು ಸರ್ವಿಸ್ ಸೆಂಟರಿನವರಿಗೆ ತಿಳಿಸಿ. ಇದರಲ್ಲಿ ಮನೆಮದ್ದಿಲ್ಲ.

ಅಂಗಡಿಗೆ ಕೊಡುವ ಮುನ್ನ

ಎಲ್ಲ ಪ್ರಯತ್ನಗಳ ಬಳಿಕವೂ ಸರಿಯಾಗದಿದ್ದರೆ ತಂತ್ರಜ್ಞರ ಬಳಿಗೆ ಹೋಗಲೇಬೇಕು. ಅದಕ್ಕೂ ಒಂದು ಸಿದ್ಧತೆಯಿದೆ.

ಮೊದಲನೆಯದು, ನಿಮ್ಮ ಕಡತಗಳ ಪ್ರತಿ ತೆಗೆದಿಡಿ. ಹೊರಗಿನ ಕೀಬೋರ್ಡ್ ಅಥವಾ ಬರೇ ಮೌಸ್ ಇದ್ದರೂ ಎಲ್ಲವನ್ನೂ ಪೆನ್‌ಡ್ರೈವ್‌ಗೆ ನಕಲು ಮಾಡಬಹುದು. ನನ್ನ ಹಾಗೆ ಅಳುವ ಸ್ಥಿತಿ ನಿಮಗೆ ಬಾರದಿರಲಿ.

ಎರಡನೆಯದು, ಮನೆಯ ಖಾಸಗಿತನ. ಮನೆಯ ಹೆಣ್ಣುಮಕ್ಕಳ, ಮಕ್ಕಳ ಫೋಟೋಗಳು, ಬ್ಯಾಂಕಿನ ವಿವರಗಳು ಲ್ಯಾಪ್‌ಟಾಪಿನಲ್ಲಿರುತ್ತವೆ. ಪ್ರತಿ ತೆಗೆದ ಮೇಲೆ ಅವನ್ನು ಅಳಿಸಿ, ಇಮೇಲ್ ಮತ್ತು ಇತರ ಖಾತೆಗಳಿಂದ ಲಾಗ್‌ಔಟ್ ಆಗಿ. ಕೀಬೋರ್ಡ್ ಬದಲಿಸಲು ನಿಮ್ಮ ಪಾಸ್‌ವರ್ಡ್ ಬೇಕಿಲ್ಲ. ಪರೀಕ್ಷಿಸಿ ತೋರಿಸಬೇಕಿದ್ದರೆ ನೀವೇ ಎದುರಿಗೆ ನಿಂತು ತೆರೆದುಕೊಡಿ.

ಮೂರನೆಯದು, ಸರಿಯಾದ ಪ್ರಶ್ನೆಗಳು. "ಕೀಬೋರ್ಡ್ ಮಾತ್ರ ಬದಲಿಸಬಹುದೇ? ರಿಬ್ಬನ್ ಕೇಬಲ್ ಕಳಚಿ ಮತ್ತೆ ಸಿಕ್ಕಿಸಿ ನೋಡಿದಿರಾ? ಹಾಕುವುದು ಕಂಪೆನಿಯದ್ದೋ ಬೇರೆಯದ್ದೋ? ಗ್ಯಾರಂಟಿ ಎಷ್ಟು ತಿಂಗಳು?" ಎಂದು ಕೇಳಿ. ಹಳೆಯ ಹಲವು ಮಾದರಿಗಳಲ್ಲಿ ನಾಲ್ಕಾರು ಸ್ಕ್ರೂ ಬಿಚ್ಚಿದರೆ ಕೀಬೋರ್ಡ್ ಕೈಗೆ ಬರುತ್ತದೆ. ಹೊಸ ತೆಳು ಮಾದರಿಗಳಲ್ಲಿ ಅದನ್ನು ಮೇಲಿನ ಕವಚಕ್ಕೇ ಬೆಸೆದಿರುವುದುಂಟು, ಆಗ ಖರ್ಚು ಹೆಚ್ಚಾಗುವುದು ಸಹಜ. ಎಲ್ಲ ತಂತ್ರಜ್ಞರೂ ಮೋಸ ಮಾಡುತ್ತಾರೆ ಎಂದಲ್ಲ. ನಾವು ಬಾಯ್ಬಿಟ್ಟು ಕೇಳಿದರೆ ಅವರಿಗೂ ಬಿಡಿಸಿ ಹೇಳಲು ಅವಕಾಶವಾಗುತ್ತದೆ. ಅಂದಾಜು ವೆಚ್ಚವನ್ನು ಬರೆಸಿಕೊಳ್ಳಿ, ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯಿರಿ, ರಶೀದಿ ಬಿಡಬೇಡಿ.

ಕೆಟ್ಟದ್ದನ್ನು ದುರಸ್ತಿ ಮಾಡಿಸಿಕೊಳ್ಳುವುದು ಗ್ರಾಹಕನ ಹಕ್ಕು ಎಂಬ ಅರಿವು ಈಗ ಬೆಳೆಯುತ್ತಿದೆ. ಕಂಪೆನಿಗಳ ದುರಸ್ತಿ ಮಾಹಿತಿಯನ್ನು ಒಂದೆಡೆ ಒದಗಿಸಲೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ದುರಸ್ತಿ ಹಕ್ಕಿನ ಜಾಲತಾಣವನ್ನು ಆರಂಭಿಸಿತು. ದೂರುಗಳಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಹಣ ಹೊಂದುವವರೆಗೆ ದಿನ ದೂಡಲೂ ಒಂದು ಉಪಾಯವಿದೆ. ಮೈಕ್ರೋಸಾಫ್ಟ್‌ನ ಪವರ್‌ಟಾಯ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಒಂದು ಕೀಲಿಯ ಕೆಲಸವನ್ನು ಇನ್ನೊಂದಕ್ಕೆ ವಹಿಸಬಹುದು. ನೀವು ಬಳಸದ ಕ್ಯಾಪ್ಸ್‌ಲಾಕ್ ಕೀಲಿಗೆ ಸತ್ತ ಅಕ್ಷರದ ಹೊಣೆ ಕೊಡಿ. ಎರಡು ದಿನದಲ್ಲಿ ಬೆರಳಿಗೆ ಅಭ್ಯಾಸವಾಗುತ್ತದೆ.

ಶನಿವಾರದ ಹೊತ್ತಿಗೆ

ನೆರೆಮನೆಯ ಎಫ್ ಕೀಲಿಯ ಕಥೆ ಬಾಕಿಯಿದೆಯಲ್ಲ? ಹೊರಗಿನ ಕೀಬೋರ್ಡಿನಲ್ಲಿ ಟೈಪಿಂಗ್ ಮುಂದುವರಿಯಿತು. ಮರುದಿನ ಬೆಳಗ್ಗೆ ಲ್ಯಾಪ್‌ಟಾಪ್ ಆಫ್ ಮಾಡಿ ಬೆಳಕಿನಲ್ಲಿ ನೋಡಿದೆವು. ಎಫ್ ಕೀಲಿ ಒತ್ತಿದರೆ ಬೇರೆ ಕೀಲಿಗಳಷ್ಟು ಕೆಳಗಿಳಿಯುತ್ತಿರಲಿಲ್ಲ. ಟೋಪಿಯನ್ನು ಆ ಸಹೋದರಿಯೇ ನಿಧಾನವಾಗಿ ಎತ್ತಿದರು. ಕತ್ತರಿ ಕೊಂಡಿಯ ಕೆಳಗೆ ಗಟ್ಟಿಯಾಗಿ ಒಣಗಿದ ಬಿಸ್ಕತ್ತಿನ ಚೂರೊಂದು ಕುಳಿತಿತ್ತು, ಅಕ್ಕಿಯ ನುಚ್ಚಿನಷ್ಟು! ಕುಂಚದಿಂದ ಅದನ್ನು ಸರಿಸಿ, ಟೋಪಿಯನ್ನು ಅದರ ಜಾಗದಲ್ಲಿಟ್ಟು ಒತ್ತಿದಾಗ "ಟಕ್" ಎಂದು ಕೂತುಕೊಂಡಿತು.

ಅವರು ಲ್ಯಾಪ್‌ಟಾಪ್ ಆನ್ ಮಾಡಿ ಮೊದಲು ಟೈಪ್ ಮಾಡಿದ ಪದ "ಅಮ್ಮ". ಒತ್ತು ಸರಿಯಾಗಿ ಕೂತಿತ್ತು. ಮಗ ತಲೆ ತಗ್ಗಿಸಿ ನಿಂತಿದ್ದ. ಆ ಬಿಸ್ಕತ್ತು ಯಾರದ್ದೆಂದು ಯಾರೂ ಕೇಳಲಿಲ್ಲ.

ಮಗಳ ಶುಲ್ಕದ ಹಣ ಕಪಾಟಿನಲ್ಲೇ ಉಳಿಯಿತು. ಸ್ಮರಣ ಸಂಚಿಕೆ ಶನಿವಾರ ಮುದ್ರಣಾಲಯ ಸೇರಿತು. ಅಂದು ಸಂಜೆ ಹುಡುಗ ನನ್ನ ಕೀಬೋರ್ಡ್ ಮರಳಿಸಲು ಬಂದ. ಜೊತೆಗೆ ಒಂದು ಪೆನ್‌ಡ್ರೈವ್ ತೋರಿಸಿ, "ಉಮ್ಮನ ಕೆಲಸವೆಲ್ಲ ಇದರಲ್ಲಿ ಹಾಕಿಟ್ಟಿದ್ದೇನೆ ಕಾಕಾ. ಇನ್ನು ಪ್ರತಿ ಶುಕ್ರವಾರ ಹಾಕುತ್ತೇನೆ" ಎಂದ.

ಎಲ್ಲ ಲ್ಯಾಪ್‌ಟಾಪ್‌ಗಳ ಕಥೆಯೂ ಇಷ್ಟು ಸುಖವಾಗಿ ಮುಗಿಯುವುದಿಲ್ಲ, ನನ್ನದು ಮುಗಿಯಲಿಲ್ಲ. ಆದರೆ ಕೆಟ್ಟದ್ದು ಏನೆಂದು ತಿಳಿಯುವ ಮೊದಲು ಕೈ ಹಾಕದಿರುವುದು, ಹಣ ಸುರಿಯದಿರುವುದು ನಮ್ಮ ಕೈಯಲ್ಲೇ ಇದೆ. ಇಂದು ನಿಮ್ಮ ಮನೆಯ ಲ್ಯಾಪ್‌ಟಾಪ್ ಚೆನ್ನಾಗಿ ನಡೆಯುತ್ತಿದ್ದರೆ ಅದೇ ಒಳ್ಳೆಯ ಸಮಯ. ಈ ಪುಟವನ್ನು ಮುಚ್ಚುವ ಮುನ್ನ, ಕಳೆದುಹೋದರೆ ಮತ್ತೆ ಸಿಗದಂಥದ್ದು ಅದರಲ್ಲೇನಿದೆ ಎಂದು ಒಮ್ಮೆ ಯೋಚಿಸಿ. ಅದರ ಇನ್ನೊಂದು ಪ್ರತಿಯನ್ನು ಇಂದೇ ತೆಗೆದಿಡಿ. ಚಹಾದ ಲೋಟವನ್ನು ತುಸು ದೂರವಿಡಿ.